ಆಕಾಶದಿಂದ ಬಿದ್ದ ಡಿಸ್ಕಿನ ಕಥೆ

2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ ಒಡೆದುಹೋಯಿತು. ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಗಗನಯಾತ್ರಿಗಳು ತೀರಿಕೊಂಡರು. ಆ ದುರಂತದ ಕುರಿತು ನಾವು ಓದಿದ್ದು ಬಹಳ. ಆದರೆ ಟೆಕ್ಸಾಸಿನ ಸುತ್ತಮುತ್ತ ಹೆಕ್ಕಿ ತೆಗೆದ ಸುಮಾರು 84 ಸಾವಿರ ಚೂರುಗಳಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು ಎಂಬುದು ಇಲ್ಲಿ ಅಷ್ಟಾಗಿ ಸುದ್ದಿಯಾಗಲಿಲ್ಲ.

ಅದು ಸಿಕ್ಕಿದ್ದು ದುರಂತ ನಡೆದು ತಿಂಗಳುಗಳಾದ ಮೇಲೆ, ಒಣಗಿದ ಕೆರೆಯಂಗಳದಲ್ಲಿ. ಅರ್ಧ ಗಿಗಾಬೈಟೂ ಹಿಡಿಸದ ಹಳೆಯ ಕಾಲದ ಡಿಸ್ಕ್. ಸರ್ಕ್ಯೂಟ್ ಬೋರ್ಡಿನ ಪ್ಲಾಸ್ಟಿಕ್ ಸುಟ್ಟಿತ್ತು, ಧೂಳು ತಡೆಯುವ ಸೀಲು ಕರಗಿ ಒಳಗೆಲ್ಲ ಮಣ್ಣು ತುಂಬಿತ್ತು. ನೋಡಿದವರಿಗೆ ಅದು ಬರೀ ಸುಟ್ಟ ಲೋಹದ ಮುದ್ದೆ. ಮಿನಿಯಾಪೊಲಿಸ್ ಬಳಿಯ ಆನ್‌ಟ್ರ್ಯಾಕ್ ಸಂಸ್ಥೆಯ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ಅದನ್ನು ಬಿಚ್ಚಿದರು. ದತ್ತಾಂಶ ಕೂತಿರುವ ತಟ್ಟೆಗಳು ಮಾತ್ರ ಸೊಟ್ಟಗಾಗಿರಲಿಲ್ಲ. ಅವನ್ನು ರಾಸಾಯನಿಕದಲ್ಲಿ ತೊಳೆದು, ಬೇರೊಂದು ಡಿಸ್ಕಿನ ಒಡಲಿಗೆ ಕೂರಿಸಿ ಓದಿಸಿದಾಗ ಶೇ 99ರಷ್ಟು ಮಾಹಿತಿ ಹೊರಬಂತು. ನೌಕೆಯಲ್ಲಿದ್ದ ಇನ್ನೆರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ.

ಆ ಡಿಸ್ಕಿನಲ್ಲಿದ್ದದ್ದು ಕ್ಸೆನಾನ್ ಅನಿಲದ ಸ್ನಿಗ್ಧತೆ ಅಳೆಯುವ ಪ್ರಯೋಗದ ಫಲ. ದ್ರವವೋ ಅನಿಲವೋ ಎಂದು ಹೇಳಲಾಗದ ಸಂಧಿಬಿಂದುವಿನ ಹತ್ತಿರ ಕ್ಸೆನಾನ್ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ, ಹಾಗಾಗಿ ಭೂಮಿಯ ಮೇಲೆ ಆ ಅಳತೆ ಸರಿಯಾಗಿ ಸಾಧ್ಯವಿಲ್ಲ. ಪ್ರಯೋಗ ನಡೆಸಿದ್ದ ರಾಬರ್ಟ್ ಬರ್ಗ್ ಮತ್ತು ಸಂಗಡಿಗರು, ಕಲಕಿದಾಗ ಕ್ಸೆನಾನ್ ತೆಳುವಾಗುತ್ತದೆ ಎಂಬ ತೀರ್ಮಾನವನ್ನು 2008ರ ಏಪ್ರಿಲ್‌ನಲ್ಲಿ ‘ಫಿಸಿಕಲ್ ರಿವ್ಯೂ ಇ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಏಳು ಜನರ ದುಡಿಮೆಯಲ್ಲಿ ಒಂದು ಪಾಲು ಹೀಗೆ ಉಳಿದುಕೊಂಡಿತು ಎಂಬುದು ನನಗೆ ಇವತ್ತಿಗೂ ದೊಡ್ಡ ಸಮಾಧಾನ.

ಆ ಮಾಹಿತಿ ಉಳಿಯಲು ಎಡ್ವರ್ಡ್ಸ್ ಅವರ ಕೈಚಳಕದ ಜೊತೆಗೆ ಇನ್ನೆರಡು ಸಂಗತಿಗಳು ಕೂಡಿಬಂದವು. ಡಿಸ್ಕ್ ಅರ್ಧ ಮಾತ್ರ ತುಂಬಿತ್ತು, ಮತ್ತು ಅದು ಡಾಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುತ್ತಿತ್ತು. ಡಾಸ್ ಕಡತಗಳನ್ನು ಡಿಸ್ಕಿನ ಉದ್ದಗಲಕ್ಕೂ ಚೆಲ್ಲಾಡದೆ ಒಂದೆಡೆ ಒತ್ತಟ್ಟಾಗಿ ಇಡುತ್ತಿತ್ತು. ಮಣ್ಣು ಹೊಕ್ಕು ಕೆಟ್ಟ ಭಾಗ ಬಹುತೇಕ ಖಾಲಿ ಜಾಗವೇ ಆಗಿತ್ತು.

ಅಳಿಸಿದ್ದನ್ನು ಮರಳಿ ತರುವ ವಿದ್ಯೆ ಬೆಳೆದದ್ದೂ ಈ ಡಾಸ್ ಕಾಲದಲ್ಲೇ. 1982ರಲ್ಲಿ ಪೀಟರ್ ನಾರ್ಟನ್ ‘ಅನ್‌ಇರೇಸ್’ ಎಂಬ ಪುಟ್ಟ ಪ್ರೋಗ್ರಾಮನ್ನು ತನ್ನ ಉಪಕರಣಗಳ ಕಂತೆಯಲ್ಲಿ ಸೇರಿಸಿ ಮಾರಾಟಕ್ಕಿಟ್ಟ. ಡಾಸ್‌ನಲ್ಲಿ ಕಡತ ಅಳಿಸಿದರೆ ಅದರ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹೊಡೆದುಹಾಕಿ, ಆ ಜಾಗ ಖಾಲಿಯಿದೆ ಎಂದು ಅದು ಗುರುತು ಹಾಕುತ್ತಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದಿದ್ದರೂ ಹುಡುಗ ತರಗತಿಯಲ್ಲೇ ಕೂತಿದ್ದ ಹಾಗೆ. ಆ ಜಾಗದ ಮೇಲೆ ಬೇರೇನೂ ಬರೆದಿರದಿದ್ದರೆ, ಮೊದಲ ಅಕ್ಷರ ಯಾವುದೆಂದು ನೀವು ಹೇಳಿದ ಕೂಡಲೇ ಕಡತ ಎದ್ದು ಬರುತ್ತಿತ್ತು. ಆಮೇಲಿನ ಸಾಧನಗಳು ಹೆಸರನ್ನೂ ಕೇಳುವುದಿಲ್ಲ. ಕ್ರಿಸ್ಟೋಫ್ ಗ್ರೆನಿಯೇ ಬರೆದು ಉಚಿತವಾಗಿ ಹಂಚಿರುವ ಫೋಟೋರೆಕ್, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ಗುರುತಿನ ಬೈಟುಗಳನ್ನು ಹುಡುಕಿಕೊಂಡು ಹೋಗಿ ಫೋಟೋ, ಪತ್ರಗಳನ್ನು ಎತ್ತಿ ತರುತ್ತದೆ.

ಇಷ್ಟೆಲ್ಲ ಉಪಾಯಗಳಿದ್ದರೂ ನಮ್ಮ ಮನೆಯಲ್ಲೇ ಒಂದು ಬರಹ ಕಳೆದುಹೋಯಿತು. ನಮ್ಮ ದೊಡ್ಡಪ್ಪ ಊರಿನ ಕೆರೆ, ಗುಡಿ, ಮನೆತನಗಳ ಚರಿತ್ರೆಯನ್ನು ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿತು. ರಿಪೇರಿ ಅಂಗಡಿಯವರು ‘ಬೋರ್ಡ್ ಹೋಗಿದೆ, ಗುಜರಿಗೆ ಹಾಕಿಬಿಡಿ’ ಎಂದರು, ಮನೆಯವರು ಹಾಗೇ ಹಾಕಿದರು. ಬೋರ್ಡ್ ಕೆಟ್ಟರೆ ಡಿಸ್ಕ್ ಕೆಟ್ಟಂತೆ ಅಲ್ಲ! ನಾಲ್ಕು ಸ್ಕ್ರೂ ಬಿಚ್ಚಿ, ಯುಎಸ್‌ಬಿಗೆ ಜೋಡಿಸುವ ಒಂದು ಕೇಬಲ್ ಹಾಕಿದ್ದರೆ ಆ ಬರಹ ಉಳಿಯುವ ಸಾಧ್ಯತೆ ಇತ್ತು. ಸುಟ್ಟು ಮಣ್ಣು ಹೊಕ್ಕ ಡಿಸ್ಕಿನಿಂದ ಪ್ರಯೋಗವೊಂದು ಉಳಿದ ಲೋಕದಲ್ಲಿ ಒಂದು ಲೋಟ ಚಹಾಕ್ಕೆ ಊರಿನ ಚರಿತ್ರೆ ಹೋಯಿತಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕನ್ನಡದ ಕಡತಗಳಿಗೆ ಇನ್ನೊಂದು ಅಪಾಯವೂ ಇದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದೆಲ್ಲ ಡಿಸ್ಕಿನಲ್ಲಿ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಆಸ್ಕಿ ಸಂಕೇತದಲ್ಲಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಇಡೀ ಕಾದಂಬರಿ ಕ್ಷೇಮವಾಗಿ ಹೊರಬಂದಿದ್ದರೂ ‘ಫೈಲ್ ಕರಪ್ಟ್ ಆಗಿದೆ’ ಎಂದು ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಅಳಿಸಬೇಡಿ. ಹಳೆಯ ಫಾಂಟ್ ಹಾಕಿ ನೋಡಿ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಗಳಿಲ್ಲ, ಎಸ್‌ಎಸ್‌ಡಿ ಇದೆ. ವೇಗ ಹೆಚ್ಚು, ಕ್ಷಮೆ ಕಡಿಮೆ. ಕಡತ ಅಳಿಸಿದರೆ ಟ್ರಿಮ್ ಎಂಬ ಆಜ್ಞೆ ಹೋಗಿ ಸಾಮಾನ್ಯವಾಗಿ ಆ ಜಾಗವೇ ಬರಿದಾಗುತ್ತದೆ. ನಾರ್ಟನ್‌ನ ಉಪಾಯ ಅಲ್ಲಿ ನಡೆಯುವುದಿಲ್ಲ. ಕೆಲವು ಯಂತ್ರಗಳಲ್ಲಿ ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬೋರ್ಡ್ ಸತ್ತರೆ ಅದನ್ನು ಸುಲಭವಾಗಿ ಬಿಚ್ಚಿ ಬೇರೆಡೆ ಓದುವ ದಾರಿಯೂ ಇಲ್ಲ. ವಿಂಡೋಸಿನ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಡಿಸ್ಕ್ ಹೊರಗೆ ತೆಗೆದಾಗ 48 ಅಂಕಿಗಳ ಕೀಲಿ ಬೇಕೇ ಬೇಕು. ಆ ಅಂಕಿಗಳನ್ನು ಇವತ್ತೇ ಕಾಗದದಲ್ಲಿ ಬರೆದಿಡಿ.

ಹಳೆಯ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಕೂಡಲೇ ವಿದ್ಯುತ್ ತೆಗೆಯಿರಿ. ಮತ್ತೆ ಮತ್ತೆ ಆನ್ ಮಾಡಿದರೆ ಮಾಹಿತಿ ಓದುವ ಕೆಟ್ಟ ಹೆಡ್ ತಟ್ಟೆಯನ್ನೇ ಗೀರುತ್ತದೆ. ಮನೆಯಲ್ಲಿ ಅದರ ಮುಚ್ಚಳ ತೆರೆಯಬೇಡಿ, ಅದು ಧೂಳಿಲ್ಲದ ಕೋಣೆಯಲ್ಲಿ ಆಗಬೇಕಾದ ಕೆಲಸ. ಸದ್ದಿಲ್ಲದೆ ತಿರುಗುತ್ತಿದ್ದರೆ ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದಕ್ಕೆ ಇಳಿಸಿಕೊಂಡು, ಹುಡುಕಾಟವನ್ನು ಆ ಪಡಿಯಚ್ಚಿನಲ್ಲೇ ನಡೆಸಿ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಮರಳಿ ಉಳಿಸಬೇಡಿ, ಉಳಿದಿರುವುದರ ಮೇಲೆಯೇ ಬರೆದಂತಾಗುತ್ತದೆ. ಅಟ್ಟದ ಮೇಲೆ ಕೆಟ್ಟ ಲ್ಯಾಪ್‌ಟಾಪ್ ಇದ್ದರೆ ಗುಜರಿಯವರಿಗೆ ಕೊಡುವ ಮುನ್ನ ಡಿಸ್ಕ್ ತೆಗೆದಿಟ್ಟುಕೊಳ್ಳಿ.