ಓದುತ್ತಾ ನಡೆಯಬಹುದೇ?

"ದಿನವಿಡೀ ಮನೆಗೆಲಸ ಮಾಡುತ್ತೇವಲ್ಲ, ಮತ್ತೆ ನಡಿಗೆ ಯಾಕೆ?" ಎಂದು ಕೇಳುವ ಸಹೋದರಿಯರಿದ್ದಾರೆ. ಆದರೆ ಈಗ ಬಟ್ಟೆಯನ್ನು ಯಂತ್ರ ಒಗೆಯುತ್ತದೆ, ಮಸಾಲೆಯನ್ನು ಮಿಕ್ಸಿ ಅರೆಯುತ್ತದೆ. ಉತ್ತರ ಪತ್ರಿಕೆ ತಿದ್ದಲು ಕುಳಿತರೆ ನಾನೂ ಮೂರು ತಾಸು ಏಳುವುದಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ವೈದ್ಯರು ಹೇಳಿದ ಮೇಲೆಯೇ ನನಗೆ ಎಚ್ಚರವಾದದ್ದು.

ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ಜೇಮ್ಸ್ ಲೆವೈನ್ ಮತ್ತು ಸಂಗಡಿಗರು 20 ಮಂದಿಯ ಚಲನವಲನವನ್ನು ಅಳೆದು 2005ರಲ್ಲಿ ಪ್ರಕಟಿಸಿದರು. ಅವರಲ್ಲಿ ಸ್ಥೂಲಕಾಯದವರು ತೆಳ್ಳಗಿನವರಿಗಿಂತ ದಿನಕ್ಕೆ ಸುಮಾರು 2 ತಾಸು ಹೆಚ್ಚು ಕುಳಿತಿರುತ್ತಿದ್ದರು. ಟ್ರೆಡ್‌ಮಿಲ್‌ಗೆ ಮೇಜು ಜೋಡಿಸಿ, ತಾಸಿಗೆ ಸುಮಾರು 1.6 ಕಿ.ಮೀ. ವೇಗದಲ್ಲಿ ನಡೆಯುತ್ತಾ ಕೆಲಸ ಮಾಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದವರೂ ಲೆವೈನರೇ.

ನೆಂಟರ ಮನೆಯಲ್ಲಿ ನಾನೂ ಹತ್ತಿ ನೋಡಿದೆ. ಓದುವುದು, ಫೋನಿನಲ್ಲಿ ಪಾಠ ಕೇಳುವುದು ಸಲೀಸು. ಬರೆಯಹೊರಟರೆ ಅಕ್ಷರ ಸೊಟ್ಟ! ಲೆಕ್ಕ ಬಿಡಿಸುವ ಮಕ್ಕಳಿಗೆ ಕುರ್ಚಿಯೇ ಲೇಸು. ಈ ನಿಧಾನ ನಡಿಗೆ ಕೂರುವುದಕ್ಕೆ ಬದಲಿ ಅಷ್ಟೆ. ವಾರಕ್ಕೆ ಕನಿಷ್ಠ 150 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವ್ಯಾಯಾಮಕ್ಕೆ ಚುರುಕಾಗಿಯೇ ನಡೆಯಬೇಕು.

ಪುಟ್ಟ ಮಕ್ಕಳಿರುವ ಮನೆಯಲ್ಲಿ ತುಂಬಾ ಜಾಗ್ರತೆ ಬೇಕು. ಓಡುವ ಪಟ್ಟಿಗೆ ಕೈಯಿಟ್ಟರೆ ಎಳೆಯ ಬೆರಳಿನ ಚರ್ಮ ಉಜ್ಜಿ ಸುಟ್ಟುಹೋಗುತ್ತದೆ. ಇಳಿದ ಕೂಡಲೇ ಸುರಕ್ಷಾ ಕೀ ತೆಗೆದಿಡಿ, ಪ್ಲಗ್ ಕೀಳಿ. ದುಪಟ್ಟಾದ ಸೆರಗು ಜೋತಾಡದಿರಲಿ.

ನಾನಂತೂ ಯಂತ್ರ ಕೊಂಡಿಲ್ಲ. ನಾಳಿನ ಪಾಠವನ್ನು ಜಗಲಿಯಲ್ಲಿ ನಡೆಯುತ್ತಲೇ ಓದಿಕೊಳ್ಳುತ್ತೇನೆ, ತವರಿನಿಂದ ಫೋನ್ ಬಂದರೂ ಅಲ್ಲಿಗೇ ಹೋಗುತ್ತೇನೆ. ಪತ್ರಿಕೆ ತಿದ್ದಲು ಮಾತ್ರ ಕೂರುತ್ತೇನೆ, ಅದೂ ಅರ್ಧ ತಾಸಿಗೊಮ್ಮೆ ಎದ್ದು.