ಮತದಾರರ ಪಟ್ಟಿ ಮತ್ತು ಚೋಮನ ವೋಟು

ಒಂದು ಚುನಾವಣೆಯ ಹಿಂದಿನ ದಿನ ಉಪ್ಪಿನಂಗಡಿಯಲ್ಲಿ ಪಕ್ಷವೊಂದರ ಬೂತ್ ಹುಡುಗರ ಜೊತೆ ಕೂತಿದ್ದೆ. ಮತದಾರರ ಪಟ್ಟಿಯಲ್ಲಿ ಹೆಸರು, ತಂದೆಯೋ ಗಂಡನೋ, ಮನೆ ನಂಬರು, ವಯಸ್ಸು, ಲಿಂಗ, ಅಷ್ಟೇ. ಜಾತಿಯ ಕಾಲಂ ಇಲ್ಲ. ಕ್ಷೇತ್ರಕ್ಕೆ ಒಂದೇ ಪಟ್ಟಿ, ಧರ್ಮ ಜನಾಂಗ ಜಾತಿ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಅಂತ ಸಂವಿಧಾನದ 325ನೇ ವಿಧಿ ಹೇಳುತ್ತದೆ. ಆದರೆ ಹುಡುಗರ ಕೈಯಲ್ಲಿ ಪೆನ್ಸಿಲ್ ಇತ್ತು. ಒಂದೊಂದೇ ಹೆಸರಿನ ಪಕ್ಕ ಗೌಡ, ಬಂಟ, ಬಿಲ್ಲವ, ಬ್ಯಾರಿ ಅಂತ ಗುರುತು ಬೀಳುತ್ತಿತ್ತು. ನಮ್ಮವರಿಗೆ ಮಾತ್ರ ‘ಎಸ್ಸಿ’. ಮೊಗೇರನೋ ಮುಂಡಾಲನೋ ಆದಿದ್ರಾವಿಡನೋ ಅವರಿಗೆ ಬೇಕಿರಲಿಲ್ಲ.

“ಹೇಗೆ ಗೊತ್ತಾಗ್ತದೆ ಮಾರಾಯ್ರೆ?”

“ಹೆಸರು ನೋಡಿದ್ರೆ ಗೊತ್ತಾಗುದಿಲ್ವಾ?”

ನಿಜವೇ. ಐತ, ಚೋಮ, ಅಂಗಾರ, ಗುರುವ, ತುಕ್ರ, ತನಿಯ: ನಮ್ಮ ಹಿರಿಯರಿಗೆ ವಾರದ ದಿನಗಳೇ ಹೆಸರು. ಇವು ದಲಿತರದ್ದು ಮಾತ್ರ ಅಂತಲ್ಲ. ಆದರೂ ಬಾಲಕ್ಕೆ ಒಂದು ‘ಅಪ್ಪ’, ‘ಅಯ್ಯ’ ಸೇರದಿದ್ದರೆ ಓದುವವನ ಕಣ್ಣು ನೇರ ಕಾಲನಿಗೇ ಹೋಗುತ್ತದೆ.

ಇಲ್ಲೇ ಪುತ್ತೂರಿನಲ್ಲಿ ಬಾಳಿದ ಕಾರಂತರ ‘ಚೋಮನ ದುಡಿ’ 1933ರದು. ಚೋಮನಿಗೆ ಭೂಮಿ ಸಿಗದ್ದನ್ನು ವಿಮರ್ಶಕರು ಬರೆದು ಬರೆದು ದಣಿದರು. ಅವನಿಗೆ ವೋಟಿತ್ತೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆಗ ಈ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1935ರ ಕಾಯ್ದೆಯೂ ವೋಟನ್ನು ಭೂಮಿ, ತೆರಿಗೆ, ಓದುಬರಹಗಳಿಗೆ ಕಟ್ಟಿಹಾಕಿತ್ತು. ಚೋಮನಂಥ ಆಳಿಗೆ ಆ ಪಟ್ಟಿಯಲ್ಲಿ ಎಲ್ಲಿಯ ಜಾಗ? ಅಸ್ಪೃಶ್ಯರ ಪ್ರತಿನಿಧಿಯನ್ನು ಅಸ್ಪೃಶ್ಯರೇ ಆರಿಸಬೇಕು ಅಂತ ಅಂಬೇಡ್ಕರ್ ಪಟ್ಟು ಹಿಡಿದಿದ್ದರು. 1932ರ ಪೂನಾ ಒಪ್ಪಂದದಲ್ಲಿ ಪ್ರಾಂತ್ಯಗಳಲ್ಲಿ 148 ಸೀಟು ಸಿಕ್ಕಿತು, ಆರಿಸುವ ಕೈ ಮಾತ್ರ ಎಲ್ಲರದ್ದಾಯಿತು.

ಆ ಒಪ್ಪಂದದ ನೆರಳು ಇನ್ನೂ ಇಲ್ಲಿದೆ. ಉಪ್ಪಿನಂಗಡಿ ಪುತ್ತೂರು ಕ್ಷೇತ್ರದಲ್ಲಿದೆ; ಅದು ಸಾಮಾನ್ಯ. ಬಸ್ ಹತ್ತಿ ಕಡಬಕ್ಕೆ ಹೋದರೆ ಸುಳ್ಯ ಕ್ಷೇತ್ರ. ಅದು ಪರಿಶಿಷ್ಟ ಜಾತಿಗೆ ಮೀಸಲು. ಸುಳ್ಯದಲ್ಲಿ 1994ರಿಂದ 2018ರವರೆಗೆ ಆರು ಸಲ ಗೆದ್ದವರು ಎಸ್. ಅಂಗಾರ. ವಾರದ ಹೆಸರಿನವರೊಬ್ಬರು 2021ರಲ್ಲಿ ಮಂತ್ರಿಯೂ ಆದರು, ಸಣ್ಣ ಮಾತಲ್ಲ. 2023ರಲ್ಲಿ ಭಾಗೀರಥಿ ಮುರುಳ್ಯ ಗೆದ್ದರು. ಆದರೆ ಆರಿಸಿದ್ದು ಯಾರು? 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ ಸುಮಾರು ಏಳು. ಸುಳ್ಯದಲ್ಲಿ ಹೆಚ್ಚಿದ್ದರೂ ಅರ್ಧದ ಹತ್ತಿರಕ್ಕೂ ಬರುವುದಿಲ್ಲ. ಮೀಸಲು ಸೀಟಿನ ಲೆಕ್ಕ ಜನಸಂಖ್ಯೆಯದು, ಗೆಲುವಿನ ಲೆಕ್ಕ ಮತದಾರರದು. ಕಾಲನಿಯ ಅಷ್ಟೂ ವೋಟು ಒಬ್ಬನಿಗೇ ಬಿದ್ದರೂ ಉಳಿದವರು ಬೇಡವೆಂದರೆ ಅವನು ಸೋಲುತ್ತಾನೆ. ಹಾಗಾಗಿ ಡಿ.ಸಿ. ಮನ್ನಾ ಜಾಗದ ಮಾತು ಎತ್ತಬೇಕಾದ ಬಾಯಿ ಮೊದಲು ತೋಟದ ಧಣಿಗಳ ಮುಖ ನೋಡಬೇಕಾಗುತ್ತದೆ.

ಸಂಜೆ ಹುಡುಗರು ಗುರುತುಗಳನ್ನು ಕೂಡಿಸಿದರು. ಎಸ್ಸಿ ಲೆಕ್ಕ ಎಲ್ಲಕ್ಕಿಂತ ಬೇಗ ಮುಗಿಯಿತು.