ಕೆಮ್ಮಣ್ಣಿಗೆ ಹದಗೊಳ್ಳುವ ಬಗ್ಗಿ

ರೇಡಿಯೋ ತರಂಗಗಳ ಮೂಲಕ ದೂರದಿಂದ ನಡೆಸುವ, ಕಚ್ಚಾ ನೆಲದ ಮೇಲೆ ಓಡಲೆಂದೇ ರೂಪಿಸಿದ ಪಂದ್ಯದ ಪುಟ್ಟ ಕಾರಿಗೆ ಬಗ್ಗಿ ಎಂದು ಹೆಸರು. ಅಂಗಡಿಯ ಗಾಜಿನ ಹಿಂದೆ ಅದು ಆಟಿಕೆಯಂತೆ ಕಂಡರೂ, ಪ್ಲಾಸ್ಟಿಕ್ ಮೇಲ್ಹೊದಿಕೆಯನ್ನು ತೆಗೆದು ನೋಡಿದರೆ ನಾಲ್ಕು ಚಕ್ರಗಳಿಗೂ ಸ್ವತಂತ್ರವಾದ ಸಸ್ಪೆನ್ಶನ್, ಎಣ್ಣೆ ತುಂಬಿದ ಶಾಕ್‌ಅಬ್ಸಾರ್ಬರ್‌ಗಳು, ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್, ತಿರುಪಿ ಉದ್ದ ಹೆಚ್ಚುಕಡಿಮೆ ಮಾಡಬಲ್ಲ ಉಕ್ಕಿನ ಕಡ್ಡಿಗಳು ಎಲ್ಲವೂ ಅಲ್ಲಿರುತ್ತವೆ. ದೊಡ್ಡ ಕಾರಿನಲ್ಲಿ ಕಾರ್ಖಾನೆಯವರು ಒಮ್ಮೆ ನಿಗದಿಪಡಿಸಿ ಮುಗಿಸಿಬಿಡುವ ಹಲವು ಅಳತೆಗಳನ್ನು ಇಲ್ಲಿ ಓಡಿಸುವವರೇ ಅಲೆನ್ ಕೀ ಹಿಡಿದು ಬದಲಿಸಿಕೊಳ್ಳಬಹುದು. ಜಪಾನಿನ ತಮಿಯಾ ಕಂಪನಿ 1979ರಲ್ಲಿ ರಫ್ ರೈಡರ್ ಎಂಬ ಬಗ್ಗಿಯನ್ನು ತಂದಿತು. ಅಮೆರಿಕದ ಟೀಮ್ ಅಸೋಸಿಯೇಟೆಡ್ 1984ರಲ್ಲಿ ಅಲ್ಯೂಮಿನಿಯಂ ಚಾಸಿಯ ಆರ್‌ಸಿ10 ಮಾದರಿಯನ್ನು ಹೊರತಂದ ಮೇಲೆ ಈ ಹವ್ಯಾಸ ಪಂದ್ಯದ ಶಿಸ್ತನ್ನು ಪಡೆಯಿತು, 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ವಿದ್ಯುತ್ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟಾರ್‌ಸೈಕಲ್ ತಯಾರಿಸಿದ, ವಿಕ್ರಾಂತ್ ಟೈರ್ಸ್ ಬೆಳೆದ, 1946ರಲ್ಲೇ ರಾಷ್ಟ್ರೀಯ ಎಂಜಿನಿಯರಿಂಗ್ ಸಂಸ್ಥೆ ಆರಂಭವಾದ ಮೈಸೂರಿಗೆ ಯಂತ್ರದ ಮಾತು ಹೊಸದಲ್ಲ; ಲಲಿತಮಹಲ್ ಅರಮನೆಯ ಸಮೀಪದ ಹೆಲಿಪ್ಯಾಡ್ ಮೈದಾನದಲ್ಲಿ ದೊಡ್ಡ ಕಾರುಗಳು ಧೂಳೆಬ್ಬಿಸಿ ಓಡುವ ಪಂದ್ಯಗಳನ್ನೂ ಈ ನಗರ ಕಂಡಿದೆ. ಆದರೆ ಬಗ್ಗಿಯ ಪೆಟ್ಟಿಗೆಯೊಡನೆ ಬರುವ ಸೂಚನೆಯ ಹಾಳೆಗಳು ಬರೆಯಲ್ಪಟ್ಟಿರುವುದು ಬೇರೆ ನೆಲಗಳಿಗೆ. ಯೂರೋಪಿನ ಅನೇಕ ಪಂದ್ಯಗಳು ಕೃತಕ ಹುಲ್ಲಿನ ಮೇಲೆ, ಒಳಾಂಗಣದ ಕಾರ್ಪೆಟ್ಟಿನ ಮೇಲೆ ನಡೆಯುತ್ತವೆ, ಅಲ್ಲಿ ಟೈರಿಗೆ ಸಿಗುವ ಹಿಡಿತ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಆ ಹಾಳೆಯ ಅಂಕಿಗಳನ್ನು ಮೈಸೂರಿನ ಕೆಮ್ಮಣ್ಣಿನ ಮೇಲೆ ಯಥಾವತ್ತಾಗಿ ಇಟ್ಟರೆ ಕಾರು ಮೊದಲ ತಿರುವಿನಲ್ಲೇ ಗಿರ್ರನೆ ತಿರುಗಿ ನಿಲ್ಲುವ ಸಂಭವವೇ ಹೆಚ್ಚು. ಹೊಸಬರು ಇದನ್ನು ಮೋಟಾರಿನ ದೋಷವೆಂದು ಭಾವಿಸಿ ಇನ್ನೂ ಬಲವಾದ ಮೋಟಾರನ್ನು ಕೊಳ್ಳುವುದುಂಟು. ಹಣವೂ ಹೋಗುತ್ತದೆ, ಕಾರು ಇನ್ನಷ್ಟು ಬೇಗ ತಿರುಗಿ ನಿಲ್ಲುತ್ತದೆ.

ಚಿಕ್ಕ ಕಾರು ದೊಡ್ಡ ಕಾರಿನ ಕಿರುರೂಪವಷ್ಟೇ ಎಂಬ ನಂಬಿಕೆಯನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಹೆಚ್ಚು ಬಳಕೆಯಲ್ಲಿರುವ ಬಗ್ಗಿ ಹತ್ತನೇ ಒಂದರ ಅಳತೆಯದು, ಅಂದರೆ ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲಿ ಒಂದು ಪಾಲು. ಹಾಗಾಗಿ ತೂಕ ಸಾವಿರದಲ್ಲಿ ಒಂದು ಪಾಲಾಗುತ್ತದೆ, ಸುಮಾರು 1.5 ಕಿಲೋ ತೂಗುವ ಬಗ್ಗಿ 1500 ಕಿಲೋದ ಕಾರಿಗೆ ಸಮನಾಗುತ್ತದೆ. ಇಷ್ಟರವರೆಗೆ ಲೆಕ್ಕ ಸರಿಹೊಂದುತ್ತದೆ, ಆದರೆ ಭೂಮಿಯ ಗುರುತ್ವ ಮಾತ್ರ ಕಾರಿನೊಡನೆ ಕಿರಿದಾಗುವುದಿಲ್ಲ. 20 ಸೆಂಟಿಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು 0.2 ಸೆಕೆಂಡ್ ಹಿಡಿದರೆ, 2 ಸೆಂಟಿಮೀಟರಿನಿಂದ ಬೀಳುವುದಕ್ಕೆ 0.06 ಸೆಕೆಂಡ್ ಸಾಕು. ಸಮಯವು ಎತ್ತರದ ವರ್ಗಮೂಲದಂತೆ ಕುಗ್ಗುವುದರಿಂದ ಪುಟ್ಟ ಕಾರಿನ ಜಗತ್ತಿನಲ್ಲಿ ಏಳುಬೀಳುಗಳೆಲ್ಲ ಮೂರು ಪಟ್ಟು ಬೇಗ ನಡೆದುಹೋಗುತ್ತವೆ. ಗಂಟೆಗೆ 40 ಕಿಲೋಮೀಟರ್ ವೇಗದ ಬಗ್ಗಿಯನ್ನು 400 ಕಿಲೋಮೀಟರ್ ವೇಗದ ಕಾರಿಗೆ ಹೋಲಿಸಿ ಹೇಳುವ ಜಾಹೀರಾತಿನ ಗುಣಾಕಾರ ಈ ಕಾರಣಕ್ಕೆ ತಪ್ಪು. ಗುಣಿಸಬೇಕಾದದ್ದು ಹತ್ತರಿಂದಲ್ಲ, ಹತ್ತರ ವರ್ಗಮೂಲವಾದ 3.16ರಿಂದ. ಹಾಗೆ ನೋಡಿದರೂ ಅದು ಕಚ್ಚಾ ನೆಲದ ಮೇಲೆ ಗಂಟೆಗೆ 125 ಕಿಲೋಮೀಟರ್ ಮೀರಿ ಓಡಿದಂತೆ, ಅದೂ ದಾರಿಯ ಒಂದು ಸೆಂಟಿಮೀಟರಿನ ಪ್ರತಿ ಕಲ್ಲೂ ಹತ್ತು ಸೆಂಟಿಮೀಟರಿನ ಗುಂಡಾಗಿ ಎದುರಾಗುತ್ತಿರುವಾಗ. ಬಗ್ಗಿಯ ಚಕ್ರಗಳು ದೇಹಕ್ಕೆ ಹೋಲಿಸಿದರೆ ಅಷ್ಟು ದೊಡ್ಡವಾಗಿರುವುದೂ, ಸಸ್ಪೆನ್ಶನ್ ಮೇಲೆ ಕೆಳಗೆ ಅಷ್ಟು ದೂರ ಚಲಿಸುವುದೂ ಇದಕ್ಕಾಗಿಯೇ.

ಮೈಸೂರು ಸುತ್ತಲಿನ ನೆಲದಲ್ಲಿ ಹೆಚ್ಚಾಗಿ ಸಿಗುವುದು ಮರಳು ಬೆರೆತ ಕೆಮ್ಮಣ್ಣು. ಹಳೆಯ ನೈಸ್ ಬಂಡೆ ಶಿಥಿಲಗೊಂಡು ಆದದ್ದು, ಕಬ್ಬಿಣದ ಆಕ್ಸೈಡಿನಿಂದ ಕೆಂಪಾದದ್ದು. ನಂಜನಗೂಡು, ತಿ. ನರಸೀಪುರದ ಕಡೆ ಕೆಲವೆಡೆ ಎರೆಮಣ್ಣು ಬರುತ್ತದೆ, ಮಳೆಗಾಲದಲ್ಲಿ ಅದು ಟೈರಿಗೆ ಮೆತ್ತಿಕೊಂಡು ಕಾರನ್ನೇ ಕಟ್ಟಿಹಾಕುವುದರಿಂದ ಅದನ್ನು ಇಲ್ಲಿ ಬಿಟ್ಟುಬಿಡಬಹುದು. ಕೆಮ್ಮಣ್ಣಿಗೆ ಎರಡು ಸ್ವಭಾವಗಳಿವೆ. ಹದವಾದ ತೇವವಿದ್ದಾಗ ಅದರಲ್ಲಿನ ಜೇಡಿಯ ಅಂಶ ಮರಳಿನ ಕಣಗಳನ್ನು ಹಿಡಿದಿಟ್ಟು ಟೈರಿನ ಮುಳ್ಳುಗಳು ಕಚ್ಚಲು ಒಳ್ಳೆಯ ಆಧಾರ ಕೊಡುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಣಗಿದಾಗ ಕೆಳಗೆ ಗಾರೆಯಷ್ಟು ಗಟ್ಟಿಯಾದ ತಳ, ಮೇಲೆ ಸಡಿಲ ಹರಳು ಉಳಿದು, ರಾಗಿ ಚೆಲ್ಲಿದ ನೆಲದ ಮೇಲೆ ಹೆಜ್ಜೆಯಿಟ್ಟಂತೆ ಚಕ್ರಗಳು ಜಾರುತ್ತವೆ. ಮುಂಗಾರಿಗೆ ಮುನ್ನಿನ ಮೇ ತಿಂಗಳ ಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಹೀಗೆ ಎರಡು ಬಾರಿ ಏರಿಳಿಯುವ ಮೈಸೂರಿನ ಮಳೆಯ ಲೆಕ್ಕದಲ್ಲಿ ಒಂದೇ ಮೈದಾನ ವರ್ಷದೊಳಗೆ ನಾಲ್ಕೈದು ಬಗೆಯ ನೆಲವಾಗಿ ಬದಲಾಗುತ್ತದೆ.

ಆದ್ದರಿಂದ ಹದಗೊಳಿಸುವ ಕೆಲಸ ಟೈರಿನಿಂದ ಶುರುವಾಗಬೇಕು. ಟೈರು ನೆಲಕ್ಕೆ ಹೊಂದದಿದ್ದರೆ ಉಳಿದ ಯಾವ ತಿದ್ದುಪಡಿಯೂ ಅದನ್ನು ಸರಿದೂಗಿಸಲಾರದು. ಸಡಿಲ ಹರಳಿನ ನೆಲಕ್ಕೆ ಎತ್ತರದ, ವಿರಳವಾದ ಮುಳ್ಳುಗಳು ಬೇಕು, ಅವು ಹರಳನ್ನು ಸೀಳಿ ಕೆಳಗಿನ ಗಟ್ಟಿ ತಳವನ್ನು ಮುಟ್ಟುತ್ತವೆ. ತೇವವಿದ್ದು ಬಿಗಿಯಾದ ನೆಲಕ್ಕೆ ಗಿಡ್ಡನೆಯ, ದಟ್ಟವಾದ ಮುಳ್ಳುಗಳು ಸಾಕು, ಅಲ್ಲಿ ಎತ್ತರದ ಮುಳ್ಳು ಬಳುಕಿ ಕಾರನ್ನು ತೂರಾಡಿಸುತ್ತದೆ. ಈ ಟೈರುಗಳಲ್ಲಿ ಗಾಳಿಯ ಒತ್ತಡವಿರುವುದಿಲ್ಲ, ಒಳಗಿಟ್ಟ ಸ್ಪಂಜಿನ ಬಳೆಯೇ ಆಕಾರವನ್ನು ಹಿಡಿದಿಡುತ್ತದೆ, ರಿಮ್ಮಿಗೆ ಟೈರನ್ನು ಫೆವಿಕ್ವಿಕ್ ಜಾತಿಯ ಅಂಟಿನಿಂದ ಅಂಟಿಸುತ್ತಾರೆ. ಅಂಟಿನ ಒಂದು ಅಂಗುಲ ಬಿಟ್ಟುಹೋದರೂ ವೇಗದಲ್ಲಿ ಟೈರು ಉಬ್ಬಿ ಕಾರು ಒಂದು ಕಡೆಗೆ ಎಳೆಯತೊಡಗುತ್ತದೆ, ಅದನ್ನು ಸ್ಟಿಯರಿಂಗಿನ ದೋಷವೆಂದು ಹುಡುಕುತ್ತ ಕೂರುವವರು ಬಹಳ.

ಟೈರಿನ ನಂತರದ್ದು ನೆಲದಿಂದ ಚಾಸಿಯ ತಳಕ್ಕಿರುವ ಎತ್ತರ. ಬ್ಯಾಟರಿ ಸಮೇತ ಕಾರನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಸ್ವಲ್ಪ ಎತ್ತಿ ಬೀಳಿಸಿ, ಅದು ತಾನಾಗಿ ನಿಂತ ಮೇಲೆ ಅಳೆಯಬೇಕು. ಹತ್ತನೇ ಒಂದರ ಬಗ್ಗಿಗೆ ಮಣ್ಣಿನ ಮೇಲೆ 22ರಿಂದ 24 ಮಿಲಿಮೀಟರ್ ವಾಡಿಕೆಯ ಅಳತೆ. ತಗ್ಗಿಸಿದಷ್ಟೂ ಗುರುತ್ವ ಕೇಂದ್ರ ಕೆಳಗಿಳಿದು ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸಾಗುವ ಭಾರ ಕಡಿಮೆಯಾಗುತ್ತದೆ, ಆದರೆ ಗುಂಡಿಗಳಲ್ಲಿ ತಳ ಬಡಿದು ಚಕ್ರಗಳು ನೆಲ ಬಿಡುತ್ತವೆ. ಈ ಭಾರ ವರ್ಗಾವಣೆಯೇ ಹದಗೊಳಿಸುವ ವಿದ್ಯೆಯ ತಿರುಳು. ರಬ್ಬರಿನ ಗುಣವೇನೆಂದರೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಹೆಚ್ಚುತ್ತದೆ. ಹಾಗಾಗಿ ಮುಂದಿನ ಅಚ್ಚು, ಹಿಂದಿನ ಅಚ್ಚು ಇವೆರಡರಲ್ಲಿ ಯಾವುದರ ಮೇಲೆ ಎಡಬಲ ಭಾರ ಹೆಚ್ಚು ಏರುಪೇರಾಗುತ್ತದೋ ಅದು ಮೊದಲು ಜಾರುತ್ತದೆ. ಮುಂಭಾಗ ಮೊದಲು ಜಾರಿ ಕಾರು ತಿರುವಿನಿಂದ ಹೊರಗೆ ನೇರ ಸಾಗಿದರೆ ಅಂಡರ್‌ಸ್ಟಿಯರ್, ಹಿಂಭಾಗ ಮೊದಲು ಜಾರಿ ಮೂತಿ ಒಳಕ್ಕೆ ತಿರುಗಿಬಿಟ್ಟರೆ ಓವರ್‌ಸ್ಟಿಯರ್. ಸ್ಪ್ರಿಂಗ್ ಗಟ್ಟಿ ಮಾಡುವುದು, ಸಸ್ಪೆನ್ಶನ್ನಿನ ಎಡಬಲ ತೋಳುಗಳನ್ನು ಜೋಡಿಸುವ ಆಂಟಿರೋಲ್ ಬಾರ್ ಎಂಬ ತಂತಿಯನ್ನು ದಪ್ಪ ಮಾಡುವುದು ಮುಂತಾದವುಗಳ ಫಲವನ್ನೆಲ್ಲ ಈ ಒಂದು ಸೂತ್ರದಿಂದ ಊಹಿಸಬಹುದು: ಯಾವ ತುದಿ ಗಟ್ಟಿಯಾಯಿತೋ ಆ ತುದಿ ಹಿಡಿತ ಕಳೆದುಕೊಳ್ಳುತ್ತದೆ. ಒಣ ಕೆಮ್ಮಣ್ಣಿನ ಮೇಲೆ ಹಿಂಭಾಗ ಜಾರುವುದೇ ಸಾಮಾನ್ಯ ತೊಂದರೆಯಾದ್ದರಿಂದ ಹಿಂದಿನ ಸ್ಪ್ರಿಂಗನ್ನು ಮೆದು ಮಾಡುವುದು, ಬ್ಯಾಟರಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸುವುದು ಮೊದಲ ಉಪಾಯ. ಹಿಂದಿನೆರಡು ಚಕ್ರಗಳಿಗಷ್ಟೇ ಚಾಲನೆಯಿರುವ ಬಗ್ಗಿಯಲ್ಲಿ ಮೋಟಾರು ನಡುವೆ ಇರುವ ವಿನ್ಯಾಸ ಈಗ ಪಂದ್ಯಗಳಲ್ಲಿ ಚಾಲ್ತಿಯಲ್ಲಿದ್ದರೂ ಅದು ಕಾರ್ಪೆಟ್ಟಿಗೆ ಒಗ್ಗುವಂಥದ್ದು. ನಮ್ಮ ಧೂಳಿಗೆ ಮೋಟಾರು ಹಿಂದಿರುವ ಹಳೆಯ ವಿನ್ಯಾಸವೇ ಲೇಸು.

ಶಾಕ್‌ಅಬ್ಸಾರ್ಬರಿನ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಮೈಸೂರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಸ್ಪ್ರಿಂಗು ಪೆಟ್ಟನ್ನು ನುಂಗಿ ಮರಳಿ ಕೊಡುತ್ತದೆ, ಆ ಮರುಪುಟಿತವನ್ನು ಅಡಗಿಸುವುದು ಎಣ್ಣೆ. ಕೊಳವೆಯೊಳಗಿನ ಪಿಸ್ಟನ್ ಚಲಿಸುವಾಗ ಎಣ್ಣೆ ಅದರ ಸಣ್ಣ ರಂಧ್ರಗಳ ಮೂಲಕ ನುಸುಳಬೇಕಾಗಿ ಬಂದು ವೇಗಕ್ಕೆ ತಡೆ ಬೀಳುತ್ತದೆ. ರಂಧ್ರ ಚಿಕ್ಕದಾಗಿ ಎಣ್ಣೆ ತೆಳುವಾಗಿದ್ದರೆ ನಿಧಾನದ ತೂಗಾಟದಲ್ಲಿ ಮೃದುವಾಗಿದ್ದು, ಜಿಗಿತದಿಂದ ಬಿದ್ದ ಹಠಾತ್ ಪೆಟ್ಟಿಗೆ ಎಣ್ಣೆಯ ಹರಿವು ಕಲಕಿಹೋಗಿ ಪಿಸ್ಟನ್ ಕ್ಷಣಕಾಲ ಬಿಗಿದುಕೊಳ್ಳುತ್ತದೆ. ರಂಧ್ರ ದೊಡ್ಡದಾಗಿ ಎಣ್ಣೆ ದಪ್ಪವಾಗಿದ್ದರೆ ಉಬ್ಬುತಗ್ಗುಗಳ ಮೇಲೆ ಚಕ್ರಗಳು ನೆಲವನ್ನು ಚೆನ್ನಾಗಿ ಅನುಸರಿಸುತ್ತವೆ. ಬಳಸುವುದು ಸಿಲಿಕೋನ್ ಎಣ್ಣೆ, ಅದರ ದಪ್ಪವನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹತ್ತನೇ ಒಂದರ ಕಾರಿಗೆ 300ರಿಂದ 500ರವರೆಗಿನದು ಸಾಮಾನ್ಯ. ಶೀಷೆಯ ಮೇಲಿನ ಅಂಕಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸಂಬಂಧಿಸಿದ್ದು, ಒಂದೊಂದು ಡಿಗ್ರಿ ಏರಿದಂತೆ ಎಣ್ಣೆ ಶೇಕಡಾ ಎರಡರ ಆಸುಪಾಸು ತೆಳುವಾಗುತ್ತದೆ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ 400ರ ಎಣ್ಣೆ 330ರ ಹತ್ತಿರ ಇಳಿದಿರುತ್ತದೆ, ಜನವರಿ ಮುಂಜಾನೆಯ 16 ಡಿಗ್ರಿಯಲ್ಲಿ 470ರಷ್ಟು ದಪ್ಪವಾಗಿರುತ್ತದೆ. ಬೆಳಿಗ್ಗೆ ಮೈದಾನದಲ್ಲಿ ಸರಿಯಾಗಿ ಓಡಿದ ಕಾರು ಮಧ್ಯಾಹ್ನ ಕುಪ್ಪಳಿಸತೊಡಗಿದರೆ ಓಡಿಸುವವರ ಕೈಯನ್ನು ದೂರುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಎಣ್ಣೆ ತುಂಬುವ ಕೆಲಸಕ್ಕೂ ತಾಳ್ಮೆ ಬೇಕು. ಪಿಸ್ಟನ್ನನ್ನು ಪೂರ್ತಿ ಕೆಳಗೆಳೆದು, ಕೊಳವೆಯನ್ನು ನೆಟ್ಟಗೆ ಹಿಡಿದು ಎಣ್ಣೆ ಸುರಿದು, ಪಿಸ್ಟನ್ನನ್ನು ಎಣ್ಣೆಯ ಮಟ್ಟಕ್ಕಿಂತ ಮೇಲೆ ಬಾರದಂತೆ ನಾಲ್ಕಾರು ಬಾರಿ ನಿಧಾನವಾಗಿ ಆಡಿಸಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳಾಗಿ ಏಳುತ್ತದೆ, ಆ ಗುಳ್ಳೆಗಳೆಲ್ಲ ಒಡೆದು ಎಣ್ಣೆ ತಿಳಿಯಾಗುವವರೆಗೆ ಕಾಯಬೇಕು. ಮುಚ್ಚಳ ಬಿಗಿದ ಮೇಲೆ ಶಾಕನ್ನು ಕಿವಿಯ ಬಳಿ ಹಿಡಿದು ಒತ್ತಿದಾಗ ಪಿಚಕ್ ಎಂಬ ಸದ್ದು ಬಂದರೆ ಗಾಳಿ ಇನ್ನೂ ಉಳಿದಿದೆ ಎಂದೇ ಅರ್ಥ. ಎಡ ಮತ್ತು ಬಲದ ಶಾಕ್‌ಗಳನ್ನು ಅಂಗೈಗಳ ನಡುವೆ ತಲೆಗೆ ತಲೆ ತಾಗಿಸಿ ಒತ್ತಿದಾಗ ಎರಡೂ ಸಮನಾಗಿ ಒಳಸರಿದು ಸಮನಾಗಿ ಹೊರಬರಬೇಕು.

ಚಕ್ರಗಳ ಕೋನಗಳ ವಿಚಾರ ಇಷ್ಟು ಜಟಿಲವಲ್ಲ. ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದನ್ನು ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ತಿರುವಿನಲ್ಲಿ ಕಾರು ಓಲಿದಾಗ ಹೊರಚಕ್ರ ನೆಲದ ಮೇಲೆ ಚಪ್ಪಟೆಯಾಗಿ ಕೂರಲೆಂದು ಒಂದೆರಡು ಡಿಗ್ರಿ ವಾಲಿಸಿರುತ್ತಾರೆ. ಮೇಲಿನಿಂದ ನೋಡಿದಾಗ ಹಿಂದಿನ ಚಕ್ರಗಳ ಮುಂತುದಿಗಳು ಪರಸ್ಪರ ಸಮೀಪಿಸಿರುವುದು ಟೋ ಇನ್. ಅದು ಮೂರು ಡಿಗ್ರಿಯಷ್ಟಿದ್ದರೆ ಕಾರು ವೇಗ ಹೆಚ್ಚಿಸುವಾಗ ನೆಟ್ಟಗಿರುತ್ತದೆ, ಸಡಿಲ ನೆಲದಲ್ಲಿ ಇದನ್ನು ಕಡಿಮೆ ಮಾಡುವುದು ಅಪಾಯ. ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಎಂಟನೇ ಒಂದರ ದೊಡ್ಡ ಬಗ್ಗಿಗಳಲ್ಲಿ ಮುಂದೆ, ನಡುವೆ, ಹಿಂದೆ ಮೂರು ಡಿಫರೆನ್ಷಿಯಲ್‌ಗಳಿದ್ದು, ಅವುಗಳಲ್ಲಿ ಸಾವಿರಾರು ಸೆಂಟಿಸ್ಟೋಕಿನ ಗಟ್ಟಿ ಸಿಲಿಕೋನ್ ಎಣ್ಣೆ ತುಂಬಿರುತ್ತದೆ. ಒಣ ನೆಲದಲ್ಲಿ ಹಿಂದಿನದಕ್ಕೆ ತೆಳು ಎಣ್ಣೆ ಹಾಕಿದರೆ ಹಿಂಚಕ್ರಗಳು ಒಂದನ್ನೊಂದು ಎಳೆದಾಡದೆ ತಿರುವಿನಲ್ಲಿ ಹಿಡಿತ ಉಳಿಸಿಕೊಳ್ಳುತ್ತವೆ.

ಜಿಗಿತದಲ್ಲಿ ಗಾಳಿಯಲ್ಲಿರುವ ಬಗ್ಗಿಯನ್ನೂ ನಿಯಂತ್ರಿಸಬಹುದೆಂಬುದು ನೋಡುವವರಿಗೆ ಅಚ್ಚರಿ ತರುತ್ತದೆ. ಚಕ್ರಗಳ ತಿರುಗುವಿಕೆಯನ್ನು ಹೆಚ್ಚಿಸಿದರೆ ಅದಕ್ಕೆ ಪ್ರತಿಯಾಗಿ ಕಾರಿನ ದೇಹ ಹಿಮ್ಮುಖವಾಗಿ ತಿರುಗಿ ಮೂತಿ ಮೇಲೇಳುತ್ತದೆ, ಬ್ರೇಕ್ ಹಾಕಿದರೆ ಮೂತಿ ಕೆಳಗಿಳಿಯುತ್ತದೆ. ಕೋನೀಯ ಸಂವೇಗದ ನಿಯಮವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗ ಭೌತಶಾಸ್ತ್ರದ ಲ್ಯಾಬಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಇಷ್ಟೆಲ್ಲ ತಿರುಪುಗಳಿರುವ ಯಂತ್ರವನ್ನು ಒಮ್ಮೆಲೇ ಹಲವೆಡೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ, ಅದೂ ಪರಿಣಾಮ ಎದ್ದುಕಾಣುವಷ್ಟು ದೊಡ್ಡದು; ಬಳಿಕ ಕೆಲವು ಸುತ್ತು ಓಡಿಸಿ, ಅತಿ ವೇಗದ ಒಂದು ಸುತ್ತಿಗಿಂತ ಎಲ್ಲ ಸುತ್ತುಗಳ ಸರಾಸರಿ ಸಮಯವನ್ನು ಗಮನಿಸುವುದು ಬಲ್ಲವರ ಕ್ರಮ. ಒಣ ನೆಲದಲ್ಲಿ ಓಡಿದಷ್ಟೂ ಹರಳು ಪಕ್ಕಕ್ಕೆ ಸರಿದು ಗಟ್ಟಿ ತಳದ ಜಾಡೊಂದು ಮೂಡುವುದರಿಂದ, ಸಮಯ ಸುಧಾರಿಸಿದ್ದು ತಿರುಪಿನಿಂದಲೋ ನೆಲದಿಂದಲೋ ಎಂದು ತಿಳಿಯಲು ಕೊನೆಗೊಮ್ಮೆ ಮೊದಲಿನ ಅಳತೆಗೆ ಮರಳಿ ಓಡಿಸಿ ನೋಡಬೇಕಾಗುತ್ತದೆ. ಬಹುತೇಕರು ಬಿಟ್ಟುಬಿಡುವ ಹಂತ ಇದೇ.

ರೇಡಿಯೋದ ಸರದಿ ಬರಬೇಕಾದದ್ದು ಕೊನೆಗೆ. ಈಗಿನ ಟ್ರಾನ್ಸ್‌ಮಿಟರುಗಳು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತವೆ, ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯಲ್ಲಿ ಪರವಾನಗಿ ಬೇಡವೆಂದು ಭಾರತ ಸರ್ಕಾರ 2005ರಲ್ಲಿ ನಿಯಮ ರೂಪಿಸಿದೆ. ಸ್ಟಿಯರಿಂಗ್ ಚಕ್ರವನ್ನು ಸ್ವಲ್ಪವೇ ತಿರುಗಿಸಿದಾಗ ಕಾರು ಎಷ್ಟು ಚುರುಕಾಗಿ ಸ್ಪಂದಿಸಬೇಕೆಂಬುದನ್ನು ಎಕ್ಸ್‌ಪೋ ಎಂಬ ಆಯ್ಕೆ ನಿರ್ಧರಿಸುತ್ತದೆ, ಅದನ್ನು ಮೆದು ಮಾಡಿದರೆ ಒರಟು ಕಾರು ಕೂಡ ಪಳಗಿದಂತೆ ತೋರುತ್ತದೆ. ತೋರುತ್ತದೆ ಅಷ್ಟೇ, ಸಸ್ಪೆನ್ಶನ್ನಿನ ದೋಷ ಹಾಗೆಯೇ ಉಳಿದಿರುತ್ತದೆ, ಆದ್ದರಿಂದ ಮೊದಲ ಹಂತಗಳಲ್ಲಿ ಎಕ್ಸ್‌ಪೋವನ್ನು ಸೊನ್ನೆಯಲ್ಲಿಟ್ಟು ಯಂತ್ರಭಾಗವನ್ನು ಸರಿಪಡಿಸಿಕೊಳ್ಳುವುದು ಉಚಿತ. ಓಟ ಮುಗಿದ ಮೇಲೆ ಮೆತ್ತಿದ ಕೆಸರನ್ನು ನೀರಿನಿಂದ ತೊಳೆಯಬಾರದು, ನೀರು ನುಣುಪಾದ ಮಣ್ಣನ್ನು ಬೇರಿಂಗಿನೊಳಕ್ಕೆ ಕೊಂಡೊಯ್ಯುತ್ತದೆ. ಪೂರ್ತಿ ಒಣಗಲು ಬಿಟ್ಟು ಗಟ್ಟಿ ಕೂದಲಿನ ಬ್ರಷ್ಷಿನಿಂದ ಉದುರಿಸಿ, ಶಾಕಿನ ಕಡ್ಡಿಗಳನ್ನು ಬಟ್ಟೆಯಿಂದ ಒರೆಸಿ, ಪ್ರತಿ ಚಕ್ರವನ್ನೂ ಬೆರಳಿನಿಂದ ತಿರುಗಿಸಿ ನೋಡಿ, ಕರಕರ ಎನ್ನುವ ಬೇರಿಂಗನ್ನು ಬದಲಿಸಿದರೆ ಮುಂದಿನ ಬಾರಿಯ ಅಳತೆಗಳನ್ನು ನಂಬಬಹುದು.